ಎಲ್ಲಿಗೆ ಅಂತ ಕೇಳಬಾರದು

ಸ್ಯಾನ್ ಮಟಿಯೋ
೧೮ ಫೆಬ್ರವರಿ ೨೦೦೧, ಭಾನುವಾರ

ಪ್ರೀತಿಯ ಶೈಲೂ,

ನಿನ್ನ ಎರಡು ಪತ್ರಗಳೂ ಬಂದಿವೆ. ಮೊದಲನೆಯದರಲ್ಲಿ "ಚೆನ್ನಾಗಿದ್ದೀಯಾ" ಎಂದು ಕೇಳಿದ್ದೀಯ, ಎರಡನೆಯದರಲ್ಲಿ "ಬದುಕಿದ್ದೀಯಾ" ಎಂದು. ಬದುಕಿದ್ದೇನೆ ಕಣೇ. ನೀನು ಕಳಿಸಿದ ಸಂಕ್ರಾಂತಿ ಎಳ್ಳು ಕೂಡ ಬಂತು. ಸಕ್ಕರೆ ಅಚ್ಚಿನ ಆನೆಗೆ ಸೊಂಡಿಲು ಮುರಿದದ್ದು ಬಿಟ್ಟರೆ ಎಲ್ಲ ಸುಖವಾಗಿ ತಲುಪಿದೆ. ತಡ ಮಾಡಿದ್ದಕ್ಕೆ ಬೈಯಬೇಡ. ಈಮೇಲಿನಲ್ಲಿ ಇಂಗ್ಲಿಷ್ ಅಕ್ಷರ ಜೋಡಿಸಿ ಕನ್ನಡ ಬರೆಯಲು ಹೋದರೆ ಬರೆಯುತ್ತಿರುವವಳು ನಾನಲ್ಲ ಅನ್ನಿಸುತ್ತದೆ. ಅಲ್ಲದೆ ಮನೆಯಲ್ಲಿರುವುದು ಒಂದೇ ಕಂಪ್ಯೂಟರು, ಅದರ ಮುಂದೆ ದಿನವಿಡೀ ಇವರು ಕೂತಿರುತ್ತಾರೆ. ಇದನ್ನು ಅಲ್ಲಿ ಬರೆಯುವ ಹಾಗಿಲ್ಲ.

ನಮಗೆ ಅಲಾಸ್ಕದಲ್ಲಿ ಏನೋ ಆಯಿತಂತೆ ಎಂದು ನನ್ನ ತಂಗಿ ಇಂದುವೇ ನಿನಗೆ ಹೇಳಿರಬೇಕು. ಅವಳ ಬಾಯಿಂದ ಹೊರಟ ಸುದ್ದಿ ಸರಸ್ವತಿಪುರಂ ದಾಟುವಷ್ಟರಲ್ಲಿ ಇವರನ್ನು ಕರಡಿ ತಿಂದಿರುತ್ತದೆ. ಅದಕ್ಕೇ ಮೊದಲಿಂದ ಹೇಳುತ್ತೇನೆ. ಕಾದಂಬರಿಯ ಕೊನೆಯ ಪುಟ ಮೊದಲು ಓದುವ ಚಾಳಿ ನಿನಗಿದೆ, ಇದರಲ್ಲಿ ಹಾಗೆ ಮಾಡಬೇಡ.

ಹೋದ ವರ್ಷ ಇವರ ಆಫೀಸಿನಲ್ಲಿ ಎಂಥ ಸಂಭ್ರಮವಿತ್ತು ಎಂದರೆ, ಒಂದು ರೂಪಾಯಿ ಲಾಭ ಕಾಣದ ಕಂಪನಿ, ಕೆಲಸದ ಮಧ್ಯೆ ಪಿಂಗ್‌ಪಾಂಗು, ಶುಕ್ರವಾರ ಆದರೆ ಪಾರ್ಟಿ. ಆ ಹುಮ್ಮಸ್ಸಿನಲ್ಲೇ ಕ್ರಿಸ್‌ಮಸ್ ರಜೆಗೆ ಎಲ್ಲರ ಸಂಸಾರವನ್ನೂ ಅಲಾಸ್ಕಕ್ಕೆ ಕರೆದೊಯ್ಯುತ್ತೇವೆ ಎಂದು ಬುಕ್ ಮಾಡಿಬಿಟ್ಟರು. ನಾಯಿಗಾಡಿ ಸವಾರಿಯಂತೆ, ಹಿಮದ ಮೇಲೆ ನಡೆಯುವ ಅಗಲ ಚಪ್ಪಲಿಯಂತೆ, ಹಿಮ ಅಗೆದು ಗೂಡು ಕಟ್ಟುವುದು ಕಲಿಸುತ್ತಾರಂತೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಡಿಸೆಂಬರ್ ಮೊದಲ ಶನಿವಾರ ತುರ್ತು ಮೀಟಿಂಗು ಎಂದು ಇವರಿಗೆ ಫೋನು ಬಂತು. ಇವರು ಶೂ ಹಾಕಿಕೊಂಡು ಬಾಗಿಲು ತೆಗೆದರು. ನಮ್ಮ ಹಂಸಾ ಸೀರಿಯಲ್ ತಿನ್ನುತ್ತಾ, "ಅಪ್ಪಾ, ವೇರ್ ಆರ್ ಯು ಗೋಯಿಂಗ್?" ಎಂದಳು.

ನಮ್ಮತ್ತೆ ಬೋರಮ್ಮನವರನ್ನು ನೀನು ನೋಡಿದ್ದೀಯ. ಹೊಸಿಲು ದಾಟಿದವರನ್ನು "ದೂರಾನಾ?" ಎಂದು ಕೇಳಿಯಾರೇ ಹೊರತು "ಎಲ್ಲಿಗೆ" ಎಂದು ಪ್ರಾಣ ಹೋದರೂ ಕೇಳುತ್ತಿರಲಿಲ್ಲ. ಆ ತಾಯಿಯ ಮಗ ಇವರು. ಯಾರಾದರೂ ಕೇಳಿದರೆ ವಾಪಸು ಬಂದು, ಕೂತು, ಒಂದು ಗುಟುಕು ನೀರು ಕುಡಿದು ಮತ್ತೆ ಹೊರಡಬೇಕು. ಅವತ್ತೂ ಹಾಗೇ ಮಾಡಿ ಹೋದರು. ಮಧ್ಯಾಹ್ನಕ್ಕೆ ಒಂದು ರಟ್ಟಿನ ಡಬ್ಬದಲ್ಲಿ ಕಾಫಿ ಕಪ್ಪು, ಮನಿಪ್ಲಾಂಟು ಇಟ್ಟುಕೊಂಡು ಬಂದರು. ಕಂಪನಿ ಮುಚ್ಚಿತ್ತು. ನನಗೆ ಯಾರ ಮೇಲಾದರೂ ರೇಗಬೇಕಿತ್ತು. "ನೋಡಿದ್ಯಾ, ಹೊರಟೋರನ್ನ ಎಲ್ಲಿಗೆ ಅಂತ ಕೇಳಿದ್ದಕ್ಕೆ ಏನಾಯ್ತು!" ಎಂದೆ ಹಂಸಾಗೆ. ಅರ್ಧ ತಮಾಷೆಗೆ. "ಫಾರ್ ರಿಯಲ್?" ಎಂದಳು. "ಹೂಂ ಮತ್ತೆ" ಎಂದೆ.

ರಜೆಗೆ ಕಟ್ಟಿದ್ದ ದುಡ್ಡು ವಾಪಸು ಬರುವಂತಿರಲಿಲ್ಲ. ನಾನು ಬೇಡ ಎಂದೆ. "ಮನೇಲಿ ಕೂತು ಏನ್ ಮಾಡ್ಲಿ ವೇದಾ? ಗೋಡೆ ನೋಡ್ಲಾ?" ಎಂದರು ಇವರು. ಹೊರಟೆವು. ಫೇರ್‌ಬ್ಯಾಂಕ್ಸಿನಲ್ಲಿ ಇಳಿದು ವ್ಯಾನಿನಲ್ಲಿ ಇನ್ನೂ ಉತ್ತರಕ್ಕೆ. ನಲವತ್ತು ಜನಕ್ಕೆಂದು ಹಿಡಿದಿದ್ದ ಮರದ ಲಾಡ್ಜಿಗೆ ಬಂದದ್ದು ಎರಡೇ ಸಂಸಾರ: ನಾವು, ಮತ್ತೆ ಇವರ ಜೊತೆಯೇ ಕೆಲಸ ಕಳೆದುಕೊಂಡ ತುಮಕೂರಿನ ಕೆಂಪರಾಜು, ಅವರ ಹೆಂಡತಿ. ಮಿಕ್ಕ ಕೋಣೆಗಳ ಹೀಟರು ಆರಿಸಿ ಬಾಗಿಲು ಹಾಕಿದ್ದರು. ಆ ಕೋಣೆಗಳ ನಡುವಿನ ಓಣಿಯಲ್ಲಿ ನಡೆದರೆ ಮುಚ್ಚಿದ ಬಾಗಿಲ ಸಂದಿಗಳಿಂದ ಕಾಲಿಗೆ ತಣ್ಣನೆ ಗಾಳಿ ತಾಗುತ್ತಿತ್ತು. ಬಂದ ಮೊದಲ ದಿನವೇ ನನಗೆ ಆ ಜಾಗ ಹಿಡಿಸಲಿಲ್ಲ.

ಲಾಡ್ಜಿನ ಒಡತಿ ರೂತ್, ನಮ್ಮ ಹೈಸ್ಕೂಲಿನ ಪಿ.ಟಿ. ಮೇಡಂ ಥರ, ನಗುವಾಗಲೂ ಸೀಟಿ ಊದುವವಳ ಮುಖ. ಅವಳದು ಒಂದೇ ಕಟ್ಟುನಿಟ್ಟು. ಮುಂಬಾಗಿಲ ಪಕ್ಕ ಒಂದು ಬೋರ್ಡು, ಹೊರಗೆ ಹೋಗುವವರು ಹೆಸರು ಬರೆದು, ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸು ಎಂದು ಬರೆಯಬೇಕು. ಅದು ಸಾಲದೆಂದು ಅವಳೂ ಬಾಯಿಬಿಟ್ಟು ಕೇಳುತ್ತಿದ್ದಳು, "ಎಲ್ಲಿಗೆ ಹೊರಟಿರಿ?" ಇವರು ಪ್ರತಿಸಲವೂ ವಾಪಸು ಬಂದು ಬೆಂಚಿನ ಮೇಲೆ ಕೂತು ನೀರು ಕುಡಿದು ಹೋಗುತ್ತಿದ್ದರು. ಕೆಂಪರಾಜು ಬಿದ್ದುಬಿದ್ದು ನಕ್ಕರು. "ಹಿಂಗೇ ನೀರ್ ಕುಡೀತಾ ಇದ್ರೆ ಈ ಚಳೀಲಿ ಒಂದಕ್ಕೆ ಹೋಗೋ ಪಾಡು ಬೇರೆ ಆಯ್ತದೆ ವೆಂಕಟಾಚಲ" ಎಂದರು. ನಾನೂ ನಕ್ಕೆ. ಮೂರನೆಯ ದಿನದ ಹೊತ್ತಿಗೆ ಇವರು ಒಂದು ಉಪಾಯ ಕಂಡುಕೊಂಡಿದ್ದರು. ಅಡುಗೆಮನೆಯ ಪಕ್ಕ ಬೂಟು ಒಣಗಿಸುವ ಕೋಣೆ, ಅದಕ್ಕೊಂದು ಹಿಂಬಾಗಿಲು. ಅಲ್ಲಿಂದ ಹೋದರೆ ಯಾರೂ ಕೇಳುವವರಿಲ್ಲ. ಹೋಗುವುದು ನಾಯಿಗಳ ಹತ್ತಿರ ತಾನೇ ಎಂದು ನಾನೂ ಸುಮ್ಮನಿದ್ದೆ.

ಹಗಲು ಎನ್ನುವುದು ಹೆಸರಿಗೆ ಮಾತ್ರ. ಲಾಡ್ಜಿನ ಎದುರಿಗೆ, ಉತ್ತರಕ್ಕೆ, ಹೆಪ್ಪುಗಟ್ಟಿದ ದೊಡ್ಡ ಕೆರೆ, ಹಿಂದೆ ದಕ್ಷಿಣಕ್ಕೆ ಗುಡ್ಡ. ಸೂರ್ಯ ಆ ಗುಡ್ಡದ ಹಿಂದೆಯೇ ಹುಟ್ಟಿ ಅಲ್ಲೇ ಮುಳುಗುತ್ತಿದ್ದ, ಮೂರು ಗಂಟೆಗೆ ಕತ್ತಲೆ. ಸೂರ್ಯನಿಗೆ ಕೈ ಮುಗಿಯದೆ ಕಾಫಿ ಮುಟ್ಟದ ಮನುಷ್ಯ ಇವರು, ಬರಿ ಬೆಳಕಿಗೆ ಕೈ ಮುಗಿದು ಮುಖ ಸಪ್ಪಗೆ ಮಾಡಿಕೊಂಡು ಬರುತ್ತಿದ್ದರು. ನಾಯಿಗಳು ಇದ್ದಕ್ಕಿದ್ದಂತೆ ಎಲ್ಲವೂ ಸೇರಿ ಊಳಿಡುತ್ತಿದ್ದವು, ಆಮೇಲೆ ಎಲ್ಲವೂ ಒಟ್ಟಿಗೆ ಸುಮ್ಮನಾಗುತ್ತಿದ್ದವು. ಆ ಸುಮ್ಮನಾಗುವುದೇ ಹೆಚ್ಚು ಭಯ. ಕೆರೆಯೊಳಗಿಂದ ಆಗಾಗ ಗುಡುಗಿನಂಥ ಸದ್ದು, ಅಟ್ಟದ ಮೇಲೆ ಯಾರೋ ಭಾರದ ಪೆಟ್ಟಿಗೆ ಎಳೆದ ಹಾಗೆ. "ಮಂಜುಗಡ್ಡೆ ಬಿಗಿಯುವ ಸದ್ದು, ಹೆದರಬೇಡಿ" ಎಂದಳು ರೂತ್. ಹೆದರಬೇಡಿ ಎಂದ ಮೇಲೆಯೇ ಅಲ್ಲವೇನೇ ಹೆದರಿಕೆ ಶುರುವಾಗುವುದು?

ನಾಲ್ಕನೆಯ ದಿನ. ನಾನೂ ಕೆಂಪರಾಜು ಹೆಂಡತಿಯೂ ಒಲೆಯ ಮುಂದೆ ಇಸ್ಪೀಟು ಆಡುತ್ತಿದ್ದೆವು. ಹಂಸಾ ಒಣಗಿದ ಗ್ಲೌಸು ತರುತ್ತೇನೆಂದು ಎದ್ದು ಹೋಗಿ, ಬಂದು, ಕಿಟಕಿಯ ಬಳಿ ಕೂತಳು. ಮಧ್ಯಾಹ್ನದ ಊಟಕ್ಕೆ ಇವರು ಬರಲಿಲ್ಲ. ಅಷ್ಟರಲ್ಲಿ ಹಿಮ ಸುರಿಯಲು ಶುರುವಾಗಿತ್ತು. ರೂತ್ ಬೋರ್ಡು ನೋಡಿದಳು, ಖಾಲಿ. ಬೂಟಿನ ಕೋಣೆಗೆ ಹೋಗಿ ಬಂದಳು, ಇವರ ಬೂಟು ಇರಲಿಲ್ಲ. ನಮ್ಮನ್ನೆಲ್ಲ ನಿಲ್ಲಿಸಿ ಒಬ್ಬೊಬ್ಬರನ್ನೇ ಕೇಳಿದಳು, ಯಾರಿಗಾದರೂ ಹೇಳಿ ಹೋದರಾ ಎಂದು. ಯಾರಿಗೂ ಇಲ್ಲ. ಹಂಸಾ ನನ್ನ ಶಾಲಿನ ಚುಂಗು ಬಾಯಲ್ಲಿ ಕಚ್ಚಿಕೊಂಡು ಇಲ್ಲವೆಂದು ತಲೆಯಾಡಿಸಿದಳು. "ನೀವು ಹೆಂಡತಿ, ನೀವೂ ಕೇಳಲಿಲ್ಲವೇ?" ಎಂದಳು ರೂತ್ ನನ್ನನ್ನು. ಹೊರಟ ಗಂಡನನ್ನು ಎಲ್ಲಿಗೆ ಎಂದು ಕೇಳದಿರುವುದೇ ನಮ್ಮಲ್ಲಿ ಪ್ರೀತಿ ಎಂದು ಆ ಹೆಂಗಸಿಗೆ ಯಾವ ಇಂಗ್ಲಿಷಿನಲ್ಲಿ ಹೇಳಲಿ ಶೈಲೂ?

ಆಮೇಲೆ ಅವಳು ಕೆಂಪರಾಜುವನ್ನು ಪಕ್ಕಕ್ಕೆ ಕರೆದು ಏನೋ ಕೇಳಿದಳು. ಅವರು ನನ್ನ ಕಡೆ ನೋಡಿ, ತಲೆ ತಗ್ಗಿಸಿ, "ಕೆಲ್ಸ ಹೋಗಿದೆ, ಹೌದು" ಎಂದದ್ದು ಕೇಳಿಸಿತು. ರೂತ್ ಮುಖ ಬದಲಾಯಿತು. ಇವರು ದಾರಿ ತಪ್ಪಿದ್ದಲ್ಲ, ಬೇಕೆಂದೇ ಹೋಗಿರುವುದು ಎಂದು ಅವರಿಬ್ಬರೂ ಅಂದುಕೊಂಡಿದ್ದರು. ಅವರನ್ನು ಯಾಕೆ ದೂರಲಿ, ನನಗೂ ಹಾಗೇ ಅನ್ನಿಸಿತು. ಹದಿನೈದು ವರ್ಷ ಸಂಸಾರ ಮಾಡಿದವಳಿಗೆ!

ದಿನವೂ ನಾಯಿಗಳ ಹತ್ತಿರ ಇರುತ್ತಿದ್ದರಲ್ಲ, ಅದಕ್ಕೇ ನಾಯಿಗಾಡಿ ಹೋಗುವ ಗುಡ್ಡದ ದಾರಿಯಲ್ಲೇ ಹುಡುಕಿದರು. ಹೆಜ್ಜೆ ಗುರುತನ್ನೆಲ್ಲ ಹಿಮ ಮುಚ್ಚಿತ್ತು. ಗುಡ್ಡದ ಮೇಲೆ ಹಿಮದ ಬೈಕುಗಳ ದೀಪ ಹೋದವು, ಬರಿಗೈಯಲ್ಲಿ ಇಳಿದು ಬಂದವು. ಆ ರಾತ್ರಿಯ ಬಗ್ಗೆ ನಾನು ಬರೆಯುವುದಿಲ್ಲ. ಹಂಸಾ ಅಳಲಿಲ್ಲ, ಮಲಗಲಿಲ್ಲ. ಆ ಖಾಲಿ ಬೋರ್ಡಿನ ಕೆಳಗೆ ಕೂತೇ ಇದ್ದಳು ಎಂದಷ್ಟೇ ಹೇಳುತ್ತೇನೆ.

ಬೆಳಕು ಹರಿದ ಮೇಲೆ ರೂತ್ ಒಬ್ಬಳೇ ಕೆರೆ ಸುತ್ತಿ ಬರಲು ಹೋದಳು. ಆಚೆ ದಡದಲ್ಲಿ ಒಂದು ಮರದ ಕೊಂಬೆಗೆ ಇವರ ಕೆಂಪು ಮಂಕಿಕ್ಯಾಪು ಸಿಕ್ಕಿಸಿತ್ತು. ಕೆಳಗೆ ಹಿಮದ ಗೂಡು. ಮೊದಲ ದಿನ ಕಲಿಸಿದಾಗ "ಇದೇನು ಇಲಿ ಬಿಲ ತೋಡಿದ ಹಾಗೆ" ಎಂದು ಇವರು ನಕ್ಕಿದ್ದರು, ಅಂಥದೇ ಗೂಡು. ಒಳಗೆ ಇವರು. ಉಸಿರಿತ್ತು.

ಗಾಬರಿಯಾಗಬೇಡ, ಈಗ ಚೆನ್ನಾಗಿದ್ದಾರೆ. ಎಡಗಾಲಿನ ಬೆರಳು ಒಂದೂ ಉಳಿಯಲಿಲ್ಲ, ಬಲಗೈಯಲ್ಲಿ ಎರಡು ಹೋದವು. ಫೇರ್‌ಬ್ಯಾಂಕ್ಸಿನ ಆಸ್ಪತ್ರೆಯಲ್ಲಿ ಸಂಕ್ರಾಂತಿವರೆಗೂ ಇದ್ದೆವು. ಆಚೆ ದಡದಿಂದ ಗುಡ್ಡ ತಗ್ಗಾಗಿ ಕಾಣುತ್ತದೆ, ನಡುಹಗಲಿಗೆ ಸೂರ್ಯ ಕಂಡೇ ಕಾಣುತ್ತಾನೆ ಎಂದು ಇವರೇ ಲೆಕ್ಕ ಹಾಕಿಕೊಂಡು ಹೋಗಿದ್ದರಂತೆ. ಕೈ ಮುಗಿದು ತಿರುಗುವಷ್ಟರಲ್ಲಿ ಹಿಮ ಮುಸುಕಿ ಕೆರೆ ಯಾವುದು ದಡ ಯಾವುದು ತಿಳಿಯಲಿಲ್ಲವಂತೆ. "ಸಿಕ್ಕಿದ್ನಾ ನಿಮ್ಮ ಸೂರ್ಯ?" ಎಂದು ಕೋಪದಲ್ಲಿ ಕೇಳಿದೆ. "ಕಂಡ ವೇದಾ, ಒಂದು ಗಳಿಗೆ. ಕಿತ್ತಳೆ ಸಿಪ್ಪೆಯಷ್ಟು" ಎಂದರು.

ಈಗ ನಾನು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿಗೆ ಕೆಲಸಕ್ಕೆ ಹೋಗಿ ಬರುತ್ತೇನೆ. ಇವರು ಉಳಿದ ಬೆರಳುಗಳಲ್ಲಿ ಟೈಪು ಮಾಡುತ್ತಾ ಕೆಲಸ ಹುಡುಕುತ್ತಾರೆ. ಫ್ರೀವೇ ಪಕ್ಕದ ಆಫೀಸುಗಳ ಕಿಟಕಿಯಲ್ಲೆಲ್ಲ ಬಾಡಿಗೆಗಿದೆ ಎಂಬ ಬೋರ್ಡು. ಹಂಸಾ ತುಂಬಾ ಜಾಣೆಯಾಗಿದ್ದಾಳೆ ಎಂದು ಎಲ್ಲರೂ ಹೊಗಳುತ್ತಾರೆ. ಕೋಣೆ ಚೊಕ್ಕಟವಾಗಿಡುತ್ತಾಳೆ, ಹಟವಿಲ್ಲ, ಪ್ರಶ್ನೆಯಿಲ್ಲ. ಮೊದಲು "ವೈ ಅಮ್ಮಾ, ವೈ ಅಮ್ಮಾ" ಎಂದು ತಲೆ ತಿನ್ನುತ್ತಿದ್ದವಳು ಈಗ ರಾತ್ರಿ ಊಟಕ್ಕೇನು ಎಂದೂ ಕೇಳುವುದಿಲ್ಲ.

ನಿನ್ನ ಮಗಳ ಪರೀಕ್ಷೆ ಹತ್ತಿರ ಬಂತಲ್ಲ, ಅವಳಿಗೆ ನನ್ನ ಆಶೀರ್ವಾದ. ನಿಮ್ಮ ಯಜಮಾನರಿಗೆ ನಮಸ್ಕಾರ ಹೇಳು. ನಿನ್ನ ಮನೆಯಿಂದ ಹೊರಟವರೆಲ್ಲ ಹೊತ್ತಿಗೆ ಸರಿಯಾಗಿ ಮನೆ ಸೇರಲಿ.

ನಿನ್ನ
ವೇದವತಿ

ಮತ್ತೊಂದು ಮಾತು. ಸಹಿ ಹಾಕಿದ ಮೇಲೆ ಮನಸ್ಸು ತಡೆಯಲಿಲ್ಲ. ನೀನು ಯಾರಿಗೂ ಹೇಳಬಾರದು, ಇಂದುಗಂತೂ ಬೇಡವೇ ಬೇಡ.

ಮೊನ್ನೆ ಇವರ ಪಾದದ ಬ್ಯಾಂಡೇಜು ಬದಲಿಸುತ್ತಾ ಕೇಳಿಯೇಬಿಟ್ಟೆ, "ನಿಜ ಹೇಳಿ, ಸಾಯಕ್ಕೆ ಅಂತಾನೇ ಹೋಗಿದ್ರಾ?" "ಹುಚ್ಚಿ, ಸಾಯೋನು ಮಗಳಿಗೆ ಹೇಳಿ ಹೋಗ್ತಾನೇನೇ?" ಎಂದವರು ನಾಲಿಗೆ ಕಚ್ಚಿಕೊಂಡರು. ಬಿಡದೆ ಕೇಳಿದೆ. ಗ್ಲೌಸಿಗೆ ಹೋದ ಹಂಸಾ ಬೂಟಿನ ಕೋಣೆಯಲ್ಲಿ ಇವರನ್ನು ನೋಡಿ, "ಅಪ್ಪಾ, ಎಲ್ಲಿಗೆ?" ಎಂದಳಂತೆ. ಕನ್ನಡದಲ್ಲಿ! ಮಗಳ ಬಾಯಲ್ಲಿ ಕನ್ನಡ ಕೇಳಿ ಇವರಿಗೆ ಖುಷಿಯೋ ಖುಷಿ. ಅಲ್ಲಿ ನೀರಿರಲಿಲ್ಲ, ಸುಮ್ಮನೆ ಒಂದು ಗಳಿಗೆ ಕೂತೆದ್ದು, "ಕೆರೆ ಆಚೆಗೆ ಪುಟ್ಟಾ, ಸೂರ್ಯನ್ನ ನೋಡಕ್ಕೆ" ಎಂದು ಹೇಳಿ ಹೋದರಂತೆ.

"ಅದಕ್ಕೇ ನಂಗೆ ಭಯ ಆಗ್ಲಿಲ್ಲ ವೇದಾ. ಹಂಸಂಗೆ ಗೊತ್ತಲ್ಲ, ಈಗ ಬರ್ತಾರೆ, ಈಗ ಬರ್ತಾರೆ ಅಂತ ಅಲ್ಲೇ ಕೂತಿದ್ದೆ. ಪಾಪ, ಮಗು ಹೆದರ್ಕೊಂಡಿರತ್ತೆ. ನಿಂಗೆ ಗೊತ್ತು ಅಂತ ಅವಳಿಗೆ ತೋರಿಸ್ಕೋಬೇಡ" ಎಂದರು.

ಯಾಕೆ ಹೆದರಿದಳು ಎಂದು ಇವರಿಗೆ ಗೊತ್ತಿಲ್ಲ. ನನಗೆ ಗೊತ್ತು. ಆ ಶನಿವಾರ ಕೇಳಿದ್ದಕ್ಕೆ ಅಪ್ಪನ ಕೆಲಸ ಹೋಯಿತು, ಈ ಸಲ ಕೇಳಿದ್ದಕ್ಕೆ ಅಪ್ಪನೇ ಹೋದರು ಎಂದುಕೊಂಡಿದ್ದಾಳೆ. ಅಪ್ಪ ಎಲ್ಲಿಗೆ ಹೋದರು ಎಂದು ಅವತ್ತು ಹೇಳಿದ್ದರೆ, ಕೇಳಿದವಳು ತಾನು ಎಂದು ನನಗೆ ಗೊತ್ತಾಗಿಬಿಡುತ್ತಿತ್ತಲ್ಲ.

ಇಷ್ಟು ಬರೆಯುವಷ್ಟರಲ್ಲಿ ಅವಳು ಅಡುಗೆಮನೆಯ ಹಿಂಬಾಗಿಲು ತೆಗೆದ ಸದ್ದಾಯಿತು. ಈಚೆಗೆ ಅಲ್ಲಿಂದಲೇ ಓಡಾಡುತ್ತಾಳೆ. ಹೊರಗೆ ಮಳೆ. ನಾನು ಎದ್ದು ಹೋಗಿ, ಬೇಕೆಂದೇ, "ಎಲ್ಲಿಗೆ ಹಂಸಾ?" ಎಂದು ಕೇಳಿದೆ. ನಿಂತಳು. ಒಳಗೆ ಬಂದು ಕುರ್ಚಿಯ ಮೇಲೆ ಕೂತಳು. ಒಂದು ಗುಟುಕು ನೀರು ಕುಡಿದಳು, ಲೋಟ ತೊಳೆದು ಬೋರಲು ಹಾಕಿದಳು. ಆಮೇಲೆ ನನ್ನ ಮುಖ ನೋಡದೆ ಅದೇ ಬಾಗಿಲಿಂದ ಮಳೆಗೆ ಇಳಿದು ಹೋದಳು. ಎಲ್ಲಿಗೆ ಎಂದು ಹೇಳಲಿಲ್ಲ.