ವೀಸಾದ ಮೇಲೆ ಬಂದ ಸಂವಿಧಾನ

ಮಾಂಟ್ ಕಿಯಾರಾ, ಕೌಲಾಲಂಪುರ
೨೮ ಏಪ್ರಿಲ್ ೨೦೨೦, ಮಂಗಳವಾರ

ಪ್ರೀತಿಯ ವಾಸಂತಿಗೆ ಆಶೀರ್ವಾದಗಳು. (ಹೀಗೆಂದು ಬರೆದ ಮೇಲೆ ಕೈ ತಡೆಯಿತು. ಸದ್ಯ ಯಾರಿಗೂ ಆಶೀರ್ವಾದ ಮಾಡುವ ಸ್ಥಿತಿಯಲ್ಲಿ ನಾನಿಲ್ಲ. ನಮಸ್ಕಾರ ಎಂದೇ ಓದಿಕೋ.)

ನೀನು, ರತ್ನ, ಮಗು ಹೇಗಿದ್ದೀರಿ? ಧಾರವಾಡದಲ್ಲಿ ಬಿಸಿಲು ಜೋರಂತೆ. ಮಗಳ ಬಾಣಂತನಕ್ಕೆ ಹೋದವಳು ಬಾಣಂತಿಗಿಂತ ಹೆಚ್ಚು ಸುಸ್ತಾಗಬೇಡ, ಬಿ.ಪಿ. ಮಾತ್ರೆ ಮರೆಯಬೇಡ. ನನ್ನ ಆರೋಗ್ಯ ಚೆನ್ನಾಗಿದೆ, ಮಾನ ಮಾತ್ರ ಸ್ವಲ್ಪ ಹೋಗಿದೆ. ಅಂಚೆ ನಿಂತಿರುವುದರಿಂದ ಈ ಕಾಗದದ ಫೋಟೋ ತೆಗೆದು ಪೂರ್ವಿ ನಿನ್ನ ಫೋನಿಗೆ ಕಳಿಸುತ್ತಾಳೆ. ನಮ್ಮ ಮೊಮ್ಮಗಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಹಾಗಾಗಿ ನಿರ್ಭಯವಾಗಿ ಬರೆಯುತ್ತಿದ್ದೇನೆ.

ಸುತ್ತಿ ಬಳಸುವುದಿಲ್ಲ. ಸೊಸೆ ಅನನ್ಯ ನನ್ನೊಡನೆ ಮಾತು ಬಿಟ್ಟು ಇಂದಿಗೆ ನಾಲ್ಕು ದಿನ. ಒಂದು ತಿಂಗಳಿಗೆಂದು ಮಗ ಪ್ರಶಾಂತನ ಮನೆಗೆ ಬಂದವನು ಲಾಕ್‌ಡೌನಿನಲ್ಲಿ ಸಿಕ್ಕಿಕೊಂಡಿದ್ದೇನೆ. ವಿಮಾನವಿಲ್ಲ, ಬಾಗಿಲಾಚೆ ಹೋಗುವಂತಿಲ್ಲ. ಹದಿನೆಂಟನೆಯ ಮಹಡಿಯಲ್ಲಿ ಸೊಸೆ ಮುಖ ತಿರುಗಿಸಿಕೊಂಡರೆ ಮಾವನಾದವನು ಎಲ್ಲಿಗೆ ಹೋಗಬೇಕು ಹೇಳು? ತಪ್ಪು ನನ್ನದೇ. ಹೇಗಾಯಿತೆಂದು ಓದಿ, ಬೈಯುವುದನ್ನು ಕೊನೆಗೆ ಇಟ್ಟುಕೋ.

ಎದುರು ಮನೆಯಲ್ಲಿ ಫಜಲ್ ಎಂಬವರಿದ್ದಾರೆ, ವಿಜಯಪುರದ ಕಡೆಯ ಎಂಜಿನಿಯರು. ಸಂಜೆ ಅವರ ಬಾಗಿಲಲ್ಲಿ ಅವರು, ನಮ್ಮ ಬಾಗಿಲಲ್ಲಿ ನಾನು ಕುರ್ಚಿ ಹಾಕಿಕೊಂಡು ಲೋಕದ ವಿಚಾರ ಮಾತಾಡುತ್ತೇವೆ. ಅವರು ಹಿಂದೆ ಇರಾಕಿನ ಎಣ್ಣೆ ಬಾವಿಯಲ್ಲಿ ಕೆಲಸಕ್ಕಿದ್ದು, ಹೊರಗಿನ ಸೈನ್ಯ ಬಂದು ಚುನಾವಣೆ ಮಾಡಿಸಿದ್ದನ್ನು ಕಣ್ಣಾರೆ ಕಂಡವರು. "ಬೆರಳಿಗಿ ಮಸಿ ಹತ್ತಿತ್ರೀ ಸರ, ಮನಸಿಗಿ ಹತ್ತಲಿಲ್ಲ. ಹೊರಗಿನವ್ರು ತಂದು ಹಚ್ಚಿದ್ರ ಬೇರು ಹಿಡೀತದೇನ್ರೀ?" ಎಂದರು. ಮೂವತ್ತೆರಡು ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದವನು ಸುಮ್ಮನಿರಲು ಆದೀತೇ? ಜಪಾನಿಗೆ ಸಂವಿಧಾನ ಬರೆದುಕೊಟ್ಟವರು ಹೊರಗಿನವರೇ ಅಲ್ಲವೇ ಎಂದೆ. ಮತಪೆಟ್ಟಿಗೆ ಇಟ್ಟರೆ ಸಾಕು, ಜನ ತಾವೇ ಕಲಿಯುತ್ತಾರೆ ಎಂದು ಭಾಷಣ ಹೊಡೆದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಒಳಗೆ ಬಂದು ಪೂರ್ವಿ ಕುಡಿಯುವ ಮೈಲೋ ಪುಡಿಯ ಖಾಲಿ ಡಬ್ಬಿಯ ಮುಚ್ಚಳಕ್ಕೆ ಚಾಕುವಿನಿಂದ ಸೀಳು ಹಾಕಿ ಮತಪೆಟ್ಟಿಗೆ ಮಾಡಿದೆ.

ಅದುವರೆಗೆ ಈ ಮನೆ ನಡೆಯುತ್ತಿದ್ದದ್ದು ಅನನ್ಯಳ ಅಪ್ಪಣೆಯಂತೆ. ಅವಳೂ ಪ್ರಶಾಂತನಂತೆ ಮನೆಯಿಂದಲೇ ಆಫೀಸು ಕೆಲಸ ಮಾಡುವವಳು. ಜತೆಗೆ ಅಡುಗೆ, ಮಗುವಿನ ಆನ್‌ಲೈನ್ ಪಾಠ, ನನ್ನ ಕಷಾಯ. ನಾನು ಅದನ್ನು ಸರ್ವಾಧಿಕಾರ ಎಂದುಕೊಂಡೆ. ಮಗ ಅದನ್ನು ನೆಮ್ಮದಿ ಎಂದುಕೊಂಡಿದ್ದ. ಇನ್ನು ಮುಂದೆ ಎಲ್ಲವೂ ಬಹುಮತದಿಂದ ಎಂದು ಘೋಷಿಸಿ, ಒಂಬತ್ತು ವರ್ಷದ ಪೂರ್ವಿಗೂ ಮತದ ಹಕ್ಕು ಕೊಟ್ಟು, ಎಲ್ಲರ ಬೆರಳಿಗೂ ಸ್ಕೆಚ್ ಪೆನ್ನಿನಿಂದ ಗುರುತು ಹಾಕಿದೆ. ಅನನ್ಯ "ಸರಿ ಮಾವ" ಎಂದು ಬೆರಳು ಚಾಚಿದಳು. ಸೊಸೆ ಒಪ್ಪಿದಳೆಂದು ಹಿಗ್ಗಿದೆ ನಾನು, ಪೆದ್ದ.

ಮೊದಲ ಚುನಾವಣೆ, ನಾಳೆಯ ತಿಂಡಿ ಉಪ್ಪಿಟ್ಟೋ ಮಸಾಲೆ ದೋಸೆಯೋ ಎಂಬುದಕ್ಕೆ. ಪೂರ್ವಿ ಮೆಲ್ಲಗೆ ಬಂದು, ಇಲ್ಲಿಯವರಂತೆ ಮಾತಿಗೊಂದು 'ಲಾ' ಸೇರಿಸಿ, "ತಾತಾ, ಯೂ ವೋಟ್ ಫಾರ್ ದೋಸೆ ಲಾ, ಐ ವಿಲ್ ಗಿವ್ ಯೂ ಮೈ ಟ್ಯಾಬ್" ಎಂದಳು. ಚುನಾವಣಾ ಭ್ರಷ್ಟಾಚಾರದ ಮೇಲೆ ನಾನು ಪ್ರಬಂಧ ಮಂಡಿಸಿದ್ದು ನಿನಗೆ ನೆನಪಿರಬೇಕು. ಟ್ಯಾಬು ತೆಗೆದುಕೊಂಡೆ ಕಣೇ. ಎಂಟು ದಿನ ಸತತವಾಗಿ, ಒಂದು ಮತದ ವಿರುದ್ಧ ಮೂರು ಮತಗಳಿಂದ, ಮಸಾಲೆ ದೋಸೆ ಗೆದ್ದಿತು. ಹಿಟ್ಟು ರುಬ್ಬಿದ್ದು, ಪಲ್ಯ ಮಾಡಿದ್ದು, ಹುಯ್ದದ್ದು ಸೋತ ಪಕ್ಷ. ಬಾಗಿಲಿರುವ ಆಫೀಸು ಕೋಣೆ ಗಂಡನಿಗೋ ಹೆಂಡತಿಗೋ ಎಂಬ ಮತದಾನದಲ್ಲೂ ಪ್ರಶಾಂತನಿಗೇ ಜಯ. ಅನನ್ಯ ಮಿಕ್ಸಿಯ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಮೀಟಿಂಗ್ ಮಾಡಿದಳು. ಅಲ್ಪಮತದ ಸಹನೆಯೇ ಪ್ರಜಾಪ್ರಭುತ್ವದ ಸೌಂದರ್ಯ ಎಂದು ನಾನು ಹೇಳಿದೆ. ಹೌದು, ಬಾಯಿಬಿಟ್ಟೇ ಹೇಳಿದೆ.

ಶುಕ್ರವಾರ ಸಂಜೆ ಅವಳು ಖಾಲಿ ಚೀಟಿ ಹಾಕಿದಳು. ಆಮೇಲೆ ತಣ್ಣಗೆ ಕೇಳಿದಳು: "ಮಾವ, ನಂಗೊಂದು ಡೌಟು. ನೀವು ವಿಸಿಟ್ ಪಾಸ್ ಮೇಲೆ ಬಂದಿರೋದಲ್ವಾ? ವಿಸಿಟ್‌ಗೆ ಬಂದೋರು ಓಟು ಹಾಕಬಹುದಾ?" ನಾನು ಗಂಟಲು ಸರಿಮಾಡಿಕೊಂಡು, ಸಂವಿಧಾನ ಬರೆದವನಿಗೆ ವಿಶೇಷ ಸ್ಥಾನವಿರುತ್ತದೆ ಎಂದೆ. "ಸರಿ, ಮೆಜಾರಿಟಿ ಗೆದ್ದಿದೀರ. ನಾಳೆಯಿಂದ ಮೆಜಾರಿಟಿನೇ ಅಡುಗೆ ಮಾಡ್ಲಿ" ಎಂದವಳು ಲ್ಯಾಪ್‌ಟಾಪ್ ಎತ್ತಿಕೊಂಡು ಆಫೀಸು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಊಟಕ್ಕೆ ಮೊಸರನ್ನ ಕಲಸಿಕೊಂಡು ಒಳಗೇ ಒಯ್ಯುತ್ತಾಳೆ. ಮಗಳ ಜತೆ ಮಾತುಂಟು, ಗಂಡನ ಜತೆ ಅರ್ಧ ಮಾತು. ನನ್ನ ಜತೆ ಇಲ್ಲ.

ನಮ್ಮ ಸರ್ಕಾರ ಎರಡು ಹೊತ್ತೂ ನಡೆಯಲಿಲ್ಲ. ಇಲ್ಲಿ ಸಾಮಾನು ತರಲು ಮನೆಯ ಯಜಮಾನ ಒಬ್ಬನೇ ಹೋಗಬೇಕೆಂದು ಆಜ್ಞೆ. ಯಜಮಾನನೆಂದು ಹೋದ ಪ್ರಶಾಂತ ಒಂದೂವರೆ ಗಂಟೆ ಸಾಲಿನಲ್ಲಿ ನಿಂತು, ಉದ್ದಿನಬೇಳೆಯ ಬದಲು ಹೆಸರುಬೇಳೆಯನ್ನೂ ಮೆಂತ್ಯ ಸೊಪ್ಪಿನ ಬದಲು ಹೆಸರೇ ಗೊತ್ತಿಲ್ಲದ ಯಾವುದೋ ಸೊಪ್ಪನ್ನೂ ತಂದ. ನಾನು ಹುಯ್ದ ದೋಸೆಯನ್ನು ಕಾವಲಿಯಿಂದ ಏಳಿಸಲು ನಾವಿಬ್ಬರೂ ಬೇಕಾಯಿತು. ಪೂರ್ವಿ ತಟ್ಟೆ ನೋಡಿ, "ಅಮ್ಮಾ, ಐ ವಾಂಟ್ ಟು ಚೇಂಜ್ ಮೈ ವೋಟ್" ಎಂದು ಬಾಗಿಲ ಬಳಿ ಅತ್ತಳು. ಮಗು ಅಳುವುದನ್ನು ಕಂಡು ನನಗೂ ಅಳು ಬಂತು, ಸುಳ್ಳು ಯಾಕೆ.

ಈಗ ತಾನೇ ಫಜಲ್ ಅವರಿಗೆ ಎಲ್ಲ ಹೇಳಿಕೊಂಡೆ. ರಂಜಾನಿನ ರೋಜಾ, ದಿನವಿಡೀ ಉಪವಾಸವಿದ್ದರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕೇಳಿದರು: "ಸರ, ಚೀಟಿ ಮ್ಯಾಲೆ ಏನೇನ್ ಇರಬೇಕಂತ ಯಾರ್ ಠರಾಯಿಸಿದ್ರೀ?" ನಾನೇ ಎಂದೆ. "ಹಂಗಾರ ಬಿದ್ದಿದ್ದು ಒಂದೇ ಓಟು ಬಿಡ್ರೀ" ಎಂದರು. ಕಾಗದ ಇಲ್ಲಿಗೆ ನಿಲ್ಲಿಸುತ್ತೇನೆ.

ಬುಧವಾರ, ಮಧ್ಯಾಹ್ನ

ಬೆಳಿಗ್ಗೆ ಧೈರ್ಯ ಮಾಡಿ ಕೋಣೆಯ ಬಾಗಿಲು ತಟ್ಟಿದೆ. "ಅನನ್ಯಾ, ನಿನಗೆ ಏನು ಬೇಕಮ್ಮ?" ಎಂದೆ. ಒಳಗಿನಿಂದಲೇ, "ದಿನಾ ಒಂದು ಗಂಟೆ ಯಾರೂ ನನ್ನ ಏನೂ ಕೇಳಬಾರದು ಮಾವ. ಅಷ್ಟೇ" ಎಂದಳು. ಉಪ್ಪಿಟ್ಟಲ್ಲ, ದೋಸೆಯಲ್ಲ, ಒಂದು ಗಂಟೆ. ನಾನು ಹಂಚಿದ ಯಾವ ಚೀಟಿಯಲ್ಲೂ ಅದು ಇರಲಿಲ್ಲ. ನನಗೆ ನಾಚಿಕೆಯಾಯಿತು ವಾಸಂತಿ. ಕುರ್ಚಿ ತಂದು ಆ ಬಾಗಿಲಿಗೆ ಅಡ್ಡ ಕುಳಿತೆ. ಚಾರ್ಜರ್ ಬೇಕೆಂದು ಬಂದ ಪ್ರಶಾಂತನನ್ನೂ ಗಣಿತ ಬಾರದೆಂದು ಬಂದ ಪೂರ್ವಿಯನ್ನೂ ಗದರಿಸಿ ಓಡಿಸಿದೆ.

ಸರಿಯಾಗಿ ಒಂದು ಗಂಟೆ ಕಳೆದ ಮೇಲೆ ಅವಳು ಹೊರಗೆ ಬಂದಳು. ಅಷ್ಟರಲ್ಲಿ ನಾನು ಕಾಫಿ ಮಾಡಿಟ್ಟಿದ್ದೆ. ಒಂದು ಗುಟುಕು ಕುಡಿದು, "ಸಕ್ಕರೆ ಜಾಸ್ತಿ ಆಯ್ತು ಮಾವ" ಎಂದಳು. ಐದು ದಿನದ ಮೇಲೆ ಕೇಳಿದ ಆ ದೂರು ಎಷ್ಟು ಹಿತವಾಗಿತ್ತು ಅಂತೀಯ! ಊಟಕ್ಕೆ ಕುಳಿತಾಗ ಹೊಸ ಕಾನೂನನ್ನು ಅವಳೇ ಹೇಳಿದಳು: "ವೋಟಿಂಗ್ ಇರ್ಲಿ, ಬೇಡ ಅನ್ನಲ್ಲ. ಅಡುಗೆ ಮಾಡೋರಿಗೆ ಎರಡು ಓಟು." ಒಬ್ಬರಿಗೆ ಒಂದೇ ಮತ ಎಂಬ ತತ್ವ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಪ್ರಶಾಂತ ಕೂಡಲೇ ಶನಿವಾರ ಭಾನುವಾರ ತನ್ನದು ಎಂದು ಕೈ ಎತ್ತಿದ. ಪಾತ್ರೆ ತೊಳೆಯುವುದು ನನ್ನ ಪಾಲು. ಅದಕ್ಕೆಷ್ಟು ಮತ ಎಂಬುದು ಇನ್ನೂ ಚರ್ಚೆಯಲ್ಲಿದೆ. ಫಜಲ್ ಅವರ ಎದುರು ಸೋಲೊಪ್ಪಿಲ್ಲ, ಮೇಷ್ಟ್ರಾದವನು ಅಷ್ಟು ಬೇಗ ಒಪ್ಪಬಾರದು.

ರತ್ನಳಿಗೂ ಅಳಿಯಂದಿರಿಗೂ ನನ್ನ ನೆನಪುಗಳು. ಮಗುವಿನ ತಲೆ ಮೂಸಿ ನೋಡಿ, ನನ್ನ ಪರವಾಗಿ ಒಂದು ಮುತ್ತು ಕೊಡು. ಬೇಗ ವಿಮಾನಗಳು ಹಾರಲಿ, ನಾವಿಬ್ಬರೂ ಮೈಸೂರು ಸೇರೋಣ.

ನಿನ್ನ
ಅನಂತಕೃಷ್ಣ

ತಾ.ಕ.: ಪೂರ್ವಿಗೆ ಕ್ಲಾಸಿದೆಯಂತೆ, ಫೋಟೋಗೆ ಅವಸರ ಮಾಡುತ್ತಿದ್ದಾಳೆ. ಬರೆಯಲೋ ಬೇಡವೋ ಎಂದು ನೋಡುತ್ತಿದ್ದೆ, ಬರೆದೇ ಬಿಡುತ್ತೇನೆ. ಮೈಸೂರಿನ ನಮ್ಮ ಬಡಾವಣೆಯ ನಿವಾಸಿಗಳ ಸಂಘದಲ್ಲಿ ಮನೆಗೊಂದು ಮತ. ಮನೆ ಇರುವುದು ನಿನ್ನ ಹೆಸರಿನಲ್ಲಿ, ಆದ್ದರಿಂದ ಮತವೂ ನಿನ್ನದು. ಹನ್ನೆರಡು ವರ್ಷದಿಂದ ನಿನ್ನ ರುಜು ನಾನೇ ಹಾಕಿ, ನಿನ್ನ ಓಟನ್ನು ನನಗೇ ಹಾಕಿಕೊಂಡು ಅಧ್ಯಕ್ಷನಾಗುತ್ತಿದ್ದೇನೆ. ಹೋದ ಸಲ ಗೆದ್ದದ್ದು ಒಂದೇ ಮತದಿಂದ. ಈ ಭಾನುವಾರ ಚುನಾವಣೆ ಫೋನಿನಲ್ಲೇ, ಮತ ಹಾಕುವ ಕೋಡು ನಿನ್ನ ಫೋನಿಗೆ ಬರುತ್ತದೆ. ಅದನ್ನು ನನಗೆ ಕಳಿಸಬೇಡ. ನೀನೇ ಹಾಕು. ಯಾರಿಗೆ ಹಾಕಿದೆ ಎಂದು ನಾನು ಕೇಳುವುದಿಲ್ಲ. ಕೇಳಿದರೂ ಹೇಳಬೇಡ.