ನನ್ನ ಮಷೀನಿನಲ್ಲಿ ಸರಿಯಿದೆ

ಜೂನ್ 3, ಮಧ್ಯಾಹ್ನ

ಮತ್ತೆ ಲಾಗಿನ್. ನಾವು ಕ್ಲಿನಿಕ್ಕಿಗೆ ಮಾಡಿಕೊಟ್ಟ ಸೈಟಿನ ಫ್ರೇಮ್‌ವರ್ಕನ್ನು ಹೊಸ ವರ್ಷನ್‌ಗೆ ಏರಿಸಿದಾಗಿನಿಂದ ದಿನಕ್ಕೊಂದು ಕಾಟ. ನಿನ್ನೆ ಸೆಷನ್, ಇವತ್ತು ಪಾಸ್‌ವರ್ಡ್. ಊಟಕ್ಕೆ ಏಳುವಾಗ ಅಕ್ಕನ ಫೋನ್.

“ಲೇ ಬೆಕ್ಕೇ, ನಿನ್ನ ಸೈಟು ನನ್ನ ಒಳಗೇ ಬಿಡ್ತಿಲ್ಲ ಕಣೇ. ಪಾಸ್‌ವರ್ಡ್ ತಪ್ಪಂತೆ.”

“ತಪ್ಪು ಹೊಡೆದಿರ್ತೀಯ.”

“ಹೌದಮ್ಮ, ಅತ್ತೆ ಒಡೆದ ಮಡಕೆಗೆ ಬೆಲೆ ಎಲ್ಲಿದೆ! ನಿಮ್ಮ ಸೈಟು ತಪ್ಪು ಮಾಡುತ್ತಾ?”

ರೀಸೆಟ್ ಲಿಂಕ್ ಕಳಿಸಿದೆ. ಒಳಗೆ ಹೋದಳು. ಹತ್ತಾರು ವಾಕ್ಯ ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿದಳು. ತಿಂಗಳ ಕೊನೆಗೆ ಗಂಟಲಿನ ಆಪರೇಷನ್. ಮಾತು ಹೋಗುತ್ತದೆ ಎಂದು ಡಾಕ್ಟರ್ ಹೇಳಿಯಾಗಿದೆ. ಅಷ್ಟರೊಳಗೆ ಸೈಟಿನಲ್ಲಿರುವ ವಾಕ್ಯಗಳನ್ನೆಲ್ಲ ಓದಿ ಮುಗಿಸಿದರೆ, ಆಮೇಲೆ ಅವಳು ಟೈಪ್ ಮಾಡಿದ್ದನ್ನು ಯಂತ್ರ ಅವಳದೇ ದನಿಯಲ್ಲಿ ಹೇಳುತ್ತದೆ. ಮುಗಿಸದಿದ್ದರೆ ಯಾರದೋ ದನಿ.

ಜೂನ್ 5

ಅಕ್ಕ ಮತ್ತೆ ಹೊರಗೆ. ರೀಸೆಟ್ ಮಾಡಿದ ದಿನ ಬಾಗಿಲು ತೆರೆಯುತ್ತದೆ, ಮರುದಿನ ಮುಚ್ಚುತ್ತದೆ... ಸರ್ವರಿನ ದಾಖಲೆ, ಲಾಗ್ ನೋಡಿದೆ — ಪಾಸ್‌ವರ್ಡ್ ತಾಳೆಯಾಗುತ್ತಿಲ್ಲ, ಅಷ್ಟೇ. ನನ್ನ ಟೆಸ್ಟ್ ಖಾತೆಯಲ್ಲಿ ಮಾಡಿ ನೋಡಿದೆ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಒಳಗೆ ಹೋಯಿತು.

“ನನ್ನ ಮಷೀನಲ್ಲಿ ಸರಿಯಿದೆ,” ಅಂದೆ.

ಟೆಸ್ಟಿಂಗ್‌ನವಳು — ಸೂಜಿ ಎಂದೇ ಅವಳ ಹೆಸರು ಆಫೀಸಿನಲ್ಲಿ — ತಲೆ ಎತ್ತದೆ ಚುಚ್ಚಿದಳು: “ಹಾಗಾದ್ರೆ ನಿನ್ನ ಮಷೀನನ್ನೇ ಮೂಟೆ ಕಟ್ಟಿ ಅಕ್ಕನ ಮನೆಗೆ ಕಳಿಸು. ಅಲ್ಲಿ ಹೋಗಿ ನೋಡಿದ್ದೀಯಾ?”

ಪುರುಸೊತ್ತೆಲ್ಲಿ.

ಜೂನ್ 9

ಮತ್ತೆ ಫೋನ್. ತಲೆ ಕೆಟ್ಟಿತ್ತು. “ಮಾತ್ರೆ ತಿಂದು ಮಂಪರಲ್ಲಿರ್ತೀಯ ಅಕ್ಕಾ. ಮರೀತಿದ್ದೀಯ,” ಅಂದೆ.

ಜಗಳಕ್ಕೆ ಬರುತ್ತಾಳೆ ಅಂದುಕೊಂಡಿದ್ದೆ. ಬರಲಿಲ್ಲ.

“ಇರಬಹುದು ಬಿಡೇ,” ಅಂದಳು.

ಜೂನ್ 17

ಅಕ್ಕನ ಫೋನಿಲ್ಲ. ಸರಿಹೋಗಿರಬೇಕು.

ಜೂನ್ 18, ಸಂಜೆ

ಸರಿಹೋಗಿರಲಿಲ್ಲ. ಪ್ರಯತ್ನವನ್ನೇ ಬಿಟ್ಟಿದ್ದಾಳೆ. ಗಡ್ಡೆ ಬೆಳೆದಿದೆಯಂತೆ, ನಾಳೆಯೇ ಆಪರೇಷನ್. ಆಸ್ಪತ್ರೆಗೆ ಓಡಿದೆ. “ನನ್ನೆದುರೇ ಮಾಡು,” ಎಂದು ಪಕ್ಕದಲ್ಲಿ ಕೂತೆ.

ರೀಸೆಟ್ ಪುಟ ತೆರೆದಳು. ಕಾಣಲಿ ಎಂದು ಕಣ್ಣಿನ ಚಿತ್ರ ಒತ್ತಿದಳು. ಎರಡಕ್ಷರ ಹೊಡೆಯುವಷ್ಟರಲ್ಲಿ ಫೋನೇ ಪೂರ್ತಿ ಪದ ಸೂಚಿಸಿತು. ಅದನ್ನು ಮುಟ್ಟಿದಳು. ಪದ ಬಂತು. ಕರ್ಸರ್ ಒಂದು ಹೆಜ್ಜೆ ಮುಂದೆ ನಿಂತಿತು.

ಪದದ ಕೊನೆಗೆ ಫೋನೇ ಸೇರಿಸಿದ ಒಂದು ಖಾಲಿ ಜಾಗ! ನಮ್ಮ ಹಳೆಯ ರೀಸೆಟ್ ಪುಟ ಅದನ್ನೂ ಸೇರಿಸಿ ಉಳಿಸುತ್ತದೆ. ಅವತ್ತು ತಾನೇ ನೇರ ಒಳಗೂ ಬಿಡುತ್ತದೆ. ಮರುದಿನ ಹೊಸ ಲಾಗಿನ್ ಪುಟ ಆ ಜಾಗವನ್ನು ಕತ್ತರಿಸುತ್ತದೆ, ತಾಳೆ ತಪ್ಪುತ್ತದೆ. ಕತ್ತರಿಸುವ ಆ ಕೋಡಿನ ಸಾಲು ಸೇರಿಸಿದವಳು ನಾನೇ, ಅಚ್ಚುಕಟ್ಟಾಗಿರಲಿ ಎಂದು. ನಾನು ಕಂಪ್ಯೂಟರಿನ ಕೀಬೋರ್ಡಿನಲ್ಲಿ ಒಂದೊಂದೇ ಅಕ್ಷರ ಹೊಡೆಯುವವಳು, ಖಾಲಿ ಜಾಗ ನನಗೆಲ್ಲಿ ಬರಬೇಕು.

ಕಾರಿಡಾರಿನ ಬೆಂಚಿನಲ್ಲಿ ಕೂತು ಲ್ಯಾಪ್‌ಟಾಪ್ ತೆರೆದು ಆ ಸಾಲು ಅಳಿಸಿದೆ.

“ಅಕ್ಕಾ, ನೀನು ಮರೆತಿರಲಿಲ್ಲ. ತಪ್ಪು ನಂದು.”

“ಅಂತೂ ನನ್ನ ತಲೆ ನೆಟ್ಟಗಿದೆ ಅನ್ನು!” ನಕ್ಕಳು. ನಗು ಕೆಮ್ಮಾಯಿತು. ಮೂರು ವಾಕ್ಯ ಓದಿದಳು. ನಾಲ್ಕನೆಯದಕ್ಕೆ ದನಿ ಬರಲಿಲ್ಲ.

ಜುಲೈ 6

ಅಕ್ಕ ಮನೆಗೆ ಬಂದಿದ್ದಾಳೆ. ಓದಿದ್ದು ಸಾಲದು, ದನಿ ಕಟ್ಟಲಾಗದು ಎಂದರು ಕ್ಲಿನಿಕ್ಕಿನವರು. ಅವಳು ಟೈಪ್ ಮಾಡಿದ್ದನ್ನು ಯಾವಳೋ ಹೇಳುತ್ತಾಳೆ. ಅಕ್ಕನ ಮಗಳು ಗುಬ್ಬಿ ಒಮ್ಮೆ ಕೇಳಿ, “ಇದು ಲಿಫ್ಟಲ್ಲಿರೋ ಆಂಟಿ. ನಂಗೆ ಬೇಡ,” ಎಂದು ಎದ್ದು ಹೋದಳು.

ಅಕ್ಕ ಯಂತ್ರ ಬಂದ್ ಮಾಡಿದಳು. ಫೋನಿನಲ್ಲಿ ಬರೆದು ನನ್ನ ಕಡೆ ತಿರುಗಿಸಿದಳು: ‘ನನ್ನ ದನೀಲಿ ಗುಬ್ಬಿ ಹೆಸರು ಎಲ್ಲಾದ್ರೂ ಇದೆಯಾ ನೋಡೇ.’

ಸೈಟಿನಲ್ಲಿ ಮನೆಯವರ ಹೆಸರುಗಳನ್ನು ಓದುವ ಪಾಠ ಎಲ್ಲಕ್ಕಿಂತ ಕೊನೆಯದು. ಅಲ್ಲಿಯವರೆಗೆ ಅವಳು ತಲುಪಲೇ ಇಲ್ಲ. ಆದರೂ ನೋಡ್ತೀನಿ ಅಂದೆ.

ಜುಲೈ 7, ಬೆಳಿಗ್ಗೆ

ಅಕ್ಕನ ರೆಕಾರ್ಡಿಂಗ್‌ಗಳನ್ನು ಒಂದೊಂದೇ ಕೇಳುತ್ತಿದ್ದೇನೆ. ‘ಛತ್ರಿ ಬಾಗಿಲ ಹಿಂದೆ ಇದೆ.’ ‘ಇವತ್ತು ಅಂಗಡಿ ತೆರೆದಿಲ್ಲ.’ ಎಷ್ಟು ಶ್ರದ್ಧೆಯಿಂದ ಓದಿದ್ದಾಳೆ, ಶಾಲೆಯ ಹುಡುಗಿಯ ಹಾಗೆ...

ಒಂದರಲ್ಲಿ ವಾಕ್ಯ ಮುಗಿದರೂ ಸದ್ದು ಮುಂದುವರಿದಿದೆ. ನಿಲ್ಲಿಸುವ ಗುಂಡಿ ಒತ್ತಲು ಮರೆತಿದ್ದಾಳೆ. ಕುರ್ಚಿ ಸರಿದ ಸದ್ದು. ಆಮೇಲೆ, ದೂರದಿಂದ, ಗದರುವ ದನಿ: “ಲೇ ಗುಬ್ಬೀ, ಚಪ್ಪಲಿ ಹಾಕ್ಕೊಂಡು ಹೋಗೇ—”

ಅಲ್ಲಿಗೆ ಕಡಿದಿದೆ.

ಮತ್ತೆ ಹಾಕಿದೆ. ಅಕ್ಕನದೇ ದನಿಯಲ್ಲಿ, ಮಗಳ ಹೆಸರು:

“ಲೇ ಗುಬ್ಬೀ—”