ಚಾರ್ಮಾಡಿ ಬಸ್ಸಿನ ಆಟ ಬರೆದವಳು

ಬೆಳ್ತಂಗಡಿ
೧೮ ಆಗಸ್ಟ್ ೧೯೮೯

ವಾಗ್ದೇವಿ,

'ಪ್ರೀತಿಯ' ಎಂದು ಬರೆಯಲು ಹೊರಟೆ, ಕೈ ಏಳಲಿಲ್ಲ. ಬರೀ ಹೆಸರೇ ಇರಲಿ.

ನೀನು ಬಂಟ್ವಾಳದ ಮನೆಗೆ ಬರೆದ ಕಾಗದ ಸೋಮವಾರ ನನ್ನ ಕೈ ಸೇರಿತು. ಬಾಪ ತೀರಿಹೋದ ಸುದ್ದಿ ತಡವಾಗಿ ತಿಳಿಯಿತು ಎಂದು ಬರೆದಿದ್ದೀ. ಸಮಾಧಾನದ ನಾಲ್ಕು ಮಾತಿನ ನಂತರ ಹೀಗಂದಿದ್ದೀ: 'ನಿನ್ನ ತಂದೆಯವರು ದುಬೈಯಿಂದ ತಂದ ಆ ಕಂಪ್ಯೂಟರೇ ನನ್ನ ಏಳಿಗೆಗೆ ಮೂಲ. ಅವರ ಉಪಕಾರ ನಾನು ಮರೆಯುವವಳಲ್ಲ.' ಆ ಎರಡು ಸಾಲು ಬರೆಯದೇ ಇದ್ದಿದ್ದರೆ ಈ ಕಾಗದ ನಿನಗೆ ಬರುತ್ತಿರಲಿಲ್ಲ. ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡು ಇದ್ದವಳು ಹಾಗೆಯೇ ಇರುತ್ತಿದ್ದೆ.

ಆ ಕಂಪ್ಯೂಟರು ಬಂದದ್ದು ಎಂಬತ್ತನಾಲ್ಕರ ಮೇ ತಿಂಗಳಲ್ಲಿ. ಬಾಪ ರಜೆಯಲ್ಲಿ ಬಂದವರು ಪೆಟ್ಟಿಗೆಯ ತಳದಿಂದ ಲುಂಗಿಯಲ್ಲಿ ಸುತ್ತಿದ ಒಂದು ಕಪ್ಪು ಹಲಗೆ ತೆಗೆದರು. ಸ್ಲೇಟಿನಷ್ಟೇ ಅಗಲ, ಮೇಲೆ ಬೂದು ಬಣ್ಣದ ರಬ್ಬರಿನ ಗುಂಡಿಗಳು. ಟಿ.ವಿ.ಗೂ ಟೇಪ್ ರೆಕಾರ್ಡರಿಗೂ ಸಿಕ್ಕಿಸಿ ಕ್ಯಾಸೆಟ್ ಹಾಕಿದರೆ ಗರಗಸದ ಮಿಲ್ಲಿನ ಹಾಗೆ ಕಿರುಚುತ್ತಿತ್ತು. ಉಮ್ಮ ಕಿವಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದಳು. ಆಮೇಲೆ ಪರದೆಯ ಮೇಲೆ ಆಟ ಬಂತು. ಆಕಾಶದಿಂದ ಇಳಿಯುವ ಹುಳಗಳಿಗೆ ಗುಂಡು ಹೊಡೆಯುವುದು. ಬಾಪ ಎರಡು ಸಲ ಆಡಿ ಎರಡು ಸಲವೂ ಸತ್ತು ನಕ್ಕರು. "ಆಡ್ಲಿಕ್ಕೆ ಮಾತ್ರ ಅಲ್ಲ ಮಗಳೇ, ಇದರಲ್ಲಿ ಆಟ ಮಾಡ್ಲಿಕ್ಕೂ ಆಗ್ತದೆ ಅಂತ ಅಂಗಡಿಯವ ಹೇಳಿದ. ನಿನಗೆ ಲೆಕ್ಕ ಬರ್ತದಲ್ಲ, ನೋಡು" ಅಂದರು. ದುಬೈಯ ಒಂದು ಗೋದಾಮಿನಲ್ಲಿ ಪೆಟ್ಟಿಗೆಗಳ ಮೇಲಿನ ಚೀಟಿ ಓದುವಷ್ಟೇ ಇಂಗ್ಲಿಷ್ ಬರುತ್ತಿದ್ದ ಮನುಷ್ಯ ಮಗಳಿಗಾಗಿ ಅಂಥದ್ದೊಂದನ್ನು ಕೊಂಡು ತಂದರು. ಅದನ್ನು ತಂದದ್ದು ನನಗೆ, ವಾಗ್ದೇವಿ. ನಿನ್ನ ಏಳಿಗೆಗೆ ಅಲ್ಲ.

ನಿನ್ನನ್ನು ಕರೆದವಳು ನಾನೇ. ಕಂಪ್ಯೂಟರಿನ ಜೊತೆ ಬಂದ ಪುಸ್ತಕ ಪೂರಾ ಇಂಗ್ಲಿಷು. ನಾನು ಕನ್ನಡ ಶಾಲೆಯವಳು. ನೀನು ಪರಮೇಶ್ವರ ಮಾಸ್ಟ್ರ ಮಗಳು, ಇಂಗ್ಲಿಷ್ ನೀರು ಕುಡಿದಷ್ಟು ಸಲೀಸು. ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟು ನೇರ ನಮ್ಮ ಮನೆಗೆ ಬರುತ್ತಿದ್ದೆ. ನಮ್ಮಲ್ಲಿ ಬಾಳೆಹಣ್ಣು ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ ಎಂದು ಉಮ್ಮ ನಿನಗಾಗಿಯೇ ಒಂದು ಚಿಪ್ಪು ಕದಳಿ ತೆಗೆದಿಡುತ್ತಿದ್ದಳು. ನೀನು ಒಂದೊಂದು ಸಾಲು ಓದಿ ತುಳುವಿನಲ್ಲಿ ಹೇಳುವುದು, ನಾನು ಗುಂಡಿ ಒತ್ತಿ ನೋಡುವುದು. ನೀನಿಲ್ಲದಿದ್ದರೆ ಮೊದಲ ಪುಟ ದಾಟಲು ನನಗೆ ವರ್ಷ ಬೇಕಿತ್ತು. ಇದನ್ನು ಅಂದೂ ಹೇಳಿದ್ದೆ, ಇಂದೂ ಹೇಳುತ್ತೇನೆ. ಸುಳ್ಳು ಹೇಳುವುದು ನನಗೆ ಬೇಕಿಲ್ಲ.

ಆದರೆ ಆಟ ನನ್ನದು. ಅದು ಹುಟ್ಟಿದ ದಿನವೂ ನನಗೆ ನೆನಪುಂಟು. ಕಕ್ಕಿಂಜೆಯಲ್ಲಿ ಉಮ್ಮನ ತವರು. ಅಲ್ಲಿಗೆ ಹೋದಾಗ ಮಾವನ ಜೀಪಿನಲ್ಲಿ ಚಾರ್ಮಾಡಿ ಘಾಟಿ ಹತ್ತಿದೆವು. ಇಳಿಯುವಾಗ ಮಂಜು ಮುಸುಕಿ ಎದುರಿನ ತಿರುವು ಕಾಣದೆ, ಮಾವ ಬಾಗಿಲಿನಿಂದ ತಲೆ ಹೊರಗೆ ಹಾಕಿ ಗಾಡಿ ಬಿಟ್ಟ. ಮನೆಗೆ ಬಂದವಳೇ ಲೆಕ್ಕದ ಚೌಕುಳಿ ಪುಸ್ತಕದಲ್ಲಿ ಬಸ್ಸು ಬರೆದೆ. ಎಂಟು ಮನೆ ಅಡ್ಡ, ಎಂಟು ಮನೆ ಉದ್ದ. ಕಪ್ಪು ಮಾಡಿದ ಮನೆಗಳನ್ನು ಕೂಡಿಸಿ ಎಂಟು ಅಂಕಿ ಮಾಡಿ ಕಂಪ್ಯೂಟರಿಗೆ ಕೊಟ್ಟರೆ ಪರದೆಯ ಮೇಲೆ ಚಿಕ್ಕ ಬಸ್ಸೊಂದು ನಿಲ್ಲುತ್ತಿತ್ತು. ರಸ್ತೆ ಕೆಳಗಿನಿಂದ ಮೇಲಕ್ಕೆ ಸರಿಯಬೇಕು, ಬಸ್ಸನ್ನು ಎಡಕ್ಕೆ ಬಲಕ್ಕೆ ತಿರುಗಿಸಿ ಪ್ರಪಾತಕ್ಕೆ ಬೀಳದೆ ಚಾರ್ಮಾಡಿಗೆ ಇಳಿಸಬೇಕು. ಅಷ್ಟು ಮಾಡಲು ಆರು ತಿಂಗಳು ಹಿಡಿಯಿತು. ಎಷ್ಟೋ ಸಲ ವೋಲ್ಟೇಜ್ ಬಿದ್ದು, ಬರೆದದ್ದೆಲ್ಲ ಅಳಿಸಿಹೋಗಿ ಮೊದಲಿನಿಂದ ಬರೆದೆ.

ಮಂಜು ತರುವುದು ಹೇಗೆಂದು ಮಾತ್ರ ತಿಳಿಯಲಿಲ್ಲ. ಆ ಪುಸ್ತಕದಲ್ಲಿ ಹಿನ್ನೆಲೆಯ ಬಣ್ಣಕ್ಕೆ ಪೇಪರ್, ಗೆರೆಯ ಬಣ್ಣಕ್ಕೆ ಇಂಕ್ ಎಂದಿತ್ತಲ್ಲ. ಒಂದು ಶನಿವಾರ ನೀನು ಬಂದಾಗ ನಾನು ಕುಣಿಯುತ್ತಿದ್ದೆ, ನೆನಪುಂಟಾ? "ಪೇಪರ್ ಬಿಳಿ, ಇಂಕ್ ಕೂಡ ಬಿಳಿ ಮಾರಾಯ್ತಿ! ರಸ್ತೆ ಅಲ್ಲೇ ಇರ್ತದೆ, ಕಾಣುವುದಿಲ್ಲ ಅಷ್ಟೆ. ಬಸ್ಸು ಹತ್ತಿರ ಬರುವಾಗ ಎರಡು ಗೆರೆ ಮಾತ್ರ ಕಪ್ಪು ಮಾಡುವ." ನೀನು ಆಡಿ ನೋಡಿ ಮೂರನೇ ತಿರುವಿನಲ್ಲಿ ಬಿದ್ದೆ. "ನಸೀ, ನಿನಗೆ ಹುಚ್ಚು" ಎಂದು ನನ್ನ ಕೆನ್ನೆ ಹಿಂಡಿದೆ. ಅವತ್ತು ಮೊದಲ ಸಾಲಿನಲ್ಲಿ ಇಬ್ಬರ ಹೆಸರೂ ಹಾಕಿದೆ. ಕಂಪ್ಯೂಟರು ನನ್ನದು, ಆಟ ನನ್ನದು, ಆದರೂ ನಿನ್ನ ಹೆಸರು ಇರಲೇಬೇಕು ಅನಿಸಿತು. ಆಗ ನಾವಿಬ್ಬರೂ ಒಂದೇ ಎಂದುಕೊಂಡಿದ್ದವಳು ನಾನು.

ಮೂಡುಬಿದಿರೆಯಲ್ಲಿ ವಿಜ್ಞಾನ ಪ್ರದರ್ಶನ ಉಂಟೆಂದು ನೀನೇ ಹೇಳಿದೆ. ಅರ್ಜಿ ನೀನೇ ತುಂಬಿದೆ. "ಒಂದು ಮೇಜಿಗೆ ಒಬ್ಬರೇ ನಿಲ್ಲಬೇಕಂತೆ. ಕೇಳುವವರು ಇಂಗ್ಲಿಷಿನಲ್ಲಿ ಕೇಳ್ತಾರೆ, ನಾನು ನಿಲ್ತೇನೆ. ಆಮೇಲೆ ನಿನ್ನನ್ನು ಕರೀತೇನೆ" ಅಂದೆ. ನನಗೆ ಸರಿ ಅನಿಸಿತು. ಅಂದವಾಗಿ ಬರೆದಿಡುತ್ತೇನೆಂದು ನೀನು ನನ್ನ ಚೌಕುಳಿ ಪುಸ್ತಕ ತೆಗೆದುಕೊಂಡು ಹೋದೆ. ಪ್ರದರ್ಶನಕ್ಕೆ ಎರಡು ದಿನ ಮೊದಲು ನೋಣಯ್ಯನ ರಿಕ್ಷಾದಲ್ಲಿ ಕಂಪ್ಯೂಟರು, ಟೇಪು, ಕ್ಯಾಸೆಟ್ ಎಲ್ಲ ನಿಮ್ಮ ಮನೆಗೆ ಬಂತು, ಅಲ್ಲಿಂದ ಮಾಸ್ಟ್ರ ಜೊತೆ ಮೂಡುಬಿದಿರೆಗೆ ಹೋಗಲಿಕ್ಕೆ.

ಈಗ ಬಾಪನ ವಿಷಯ ಕೇಳು. ಇದು ನಿನಗೆ ಗೊತ್ತಿಲ್ಲ. 'ಬಾಪ, ನಾನೊಂದು ಆಟ ಬರೆದಿದ್ದೇನೆ, ಶುರುವಾಗುವಾಗ ನನ್ನ ಹೆಸರು ಬರುತ್ತದೆ' ಎಂದು ನಾನು ದುಬೈಗೆ ಬರೆದಿದ್ದೆ. ಅವರು ಗೋದಾಮಿನ ಯಜಮಾನನ ಕಾಲು ಹಿಡಿದು ಎರಡು ತಿಂಗಳು ಮೊದಲೇ ರಜೆ ತೆಗೆದುಕೊಂಡು ಬಂದರು. ಬಂದದ್ದು ಪ್ರದರ್ಶನದ ಹಿಂದಿನ ದಿನ. ಆಟ ನೋಡಲು ಮನೆಯಲ್ಲಿ ಕಂಪ್ಯೂಟರೇ ಇಲ್ಲ. "ನಾಳೆ ನೋಡುವ, ಎಲ್ಲರ ಎದುರಿನಲ್ಲೇ ನೋಡುವ" ಅಂದರು. ಮರುದಿನ ಹೊಸ ಬಿಳಿ ಅಂಗಿ ಹಾಕಿ, ಅತ್ತರು ಹಚ್ಚಿ, ಮೂರನೇ ಸಾಲಿನಲ್ಲಿ ನನ್ನ ಪಕ್ಕ ಕೂತರು. ಪಕ್ಕದ ಕುರ್ಚಿಯವರಿಗೆ, ಅವರು ಯಾರೆಂದೇ ಗೊತ್ತಿಲ್ಲದೆ, "ಈಗ ನನ್ನ ಮಗಳ ಹೆಸರು ಬರ್ತದೆ, ನೋಡಿ" ಅಂದರು.

ಹೆಸರು ಬಂತು. ನಿನ್ನದೊಂದೇ.

ಟಿ.ವಿ. ಕೆಟ್ಟಿರಬೇಕು ಅಂದುಕೊಂಡೆ. ನಿಜವಾಗಿ ಹಾಗೇ ಅಂದುಕೊಂಡೆ. ಅಷ್ಟರಲ್ಲಿ ಪರೀಕ್ಷಕರು, ಆ ಕನ್ನಡಕದ ಮೇಷ್ಟ್ರು, ಮಂಜು ನೋಡಿ ಬೆರಗಾಗಿ, ಇದನ್ನು ಹೇಗೆ ಮಾಡಿದೆ ಎಂದು ನಿನ್ನನ್ನು ಕೇಳಿದರು. ಈಗ ತಡವರಿಸುತ್ತಾಳೆ, ಈಗ ನನ್ನ ಕಡೆ ನೋಡುತ್ತಾಳೆ ಎಂದು ನಾನು ಕುರ್ಚಿಯ ತುದಿಗೆ ಬಂದೆ. ನೀನು ತಡವರಿಸಲಿಲ್ಲ. ಪೇಪರ್ ಬಿಳಿ, ಇಂಕ್ ಬಿಳಿ, ರಸ್ತೆ ಇರುತ್ತದೆ, ಕಾಣುವುದಿಲ್ಲ ಎಂದು ನನ್ನ ಮಾತನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಒಬ್ಬಳೇ ಬರೆದದ್ದಾ ಎಂದು ಕೇಳಿದರು. ಹೌದು ಅಂದೆ. ಅಷ್ಟು ಇಂಗ್ಲಿಷ್ ನನಗೂ ಅರ್ಥವಾಗುತ್ತಿತ್ತು. ಬಾಪನಿಗೂ.

ನಾನು ಎದ್ದು ನಿಂತೆ. ಬಾಪ ನನ್ನ ಮಣಿಕಟ್ಟು ಹಿಡಿದು ಕೂರಿಸಿದರು. "ಕೂತ್ಕೊ. ಮರ್ಯಾದೆ ಹೋಗ್ತದೆ." ಸಿಟ್ಟು ಮಾಡಲಿಲ್ಲ. ಬಸ್ಸಿನಲ್ಲಿ ಬಂಟ್ವಾಳಕ್ಕೆ ಬಂದೆವು. ಮನೆಯ ಮೆಟ್ಟಿಲು ಹತ್ತುವಾಗ, "ಸುಳ್ಳು ಬರೀಬೇಕಾಗಿರ್ಲಿಲ್ಲ ಮಗಳೇ. ನೀನು ಆಟ ಮಾಡದಿದ್ರೂ ನಾನು ಬರ್ತಿದ್ದೆ" ಅಂದರು.

ಮೂರು ದಿನದ ಮೇಲೆ ಕಂಪ್ಯೂಟರು ವಾಪಸು ಬಂತು. ಬಾಪನಿಗೆ ಕ್ಯಾಸೆಟ್ ಹಾಕಿ ತೋರಿಸಿದೆ. ಅದರಲ್ಲೂ ನಿನ್ನ ಹೆಸರೇ. ನೀನು ನನ್ನ ಹಳೆಯದರ ಮೇಲೆಯೇ ತುಂಬಿಸಿದ್ದೆ. ಜೊತೆಗಿದ್ದ ಪುಸ್ತಕ ನಿನ್ನ ಅಕ್ಷರದ್ದು. ನನ್ನ ಚೌಕುಳಿ ಪುಸ್ತಕ ಬರಲಿಲ್ಲ. ಬಾಪನನ್ನು ಎದುರಿಗೆ ಕೂರಿಸಿಕೊಂಡು ಮೊದಲಿನಿಂದ ಬರೆದು ತೋರಿಸಲು ಹೊರಟೆ. ಪಾಪ, ಅರ್ಧ ಗಂಟೆ ನೋಡಿದರು. ಪರದೆಯ ತುಂಬ ಅಂಕಿ ಬಿಟ್ಟರೆ ಅವರಿಗೆ ಏನೂ ಕಾಣಲಿಲ್ಲ. "ಆಯ್ತು, ಸಾಕು" ಎಂದು ತಲೆ ಸವರಿ ಎದ್ದುಹೋದರು.

ಮರುದಿನ ಕಾಲೇಜಿನ ಬಾವಿಕಟ್ಟೆಯ ಹತ್ತಿರ ನಿನ್ನನ್ನು ಹಿಡಿದು ನಿಲ್ಲಿಸಿದೆ. ನೀನು ಹೇಳಿದ್ದು ಇಷ್ಟು: "ಬಾಯಿ ತಪ್ಪಿ ಹೌದು ಅಂದೆ. ಮತ್ತೆ, ನಿನ್ನ ಹೆಸರು ಬಂದ್ರೆ ನಿಮ್ಮವರು ಏನಾದ್ರೂ ಹೇಳಿಯಾರು ಅಂತ ಹೆದರಿಕೆಯಾಯ್ತು. ನಿನ್ನ ಒಳ್ಳೇದಕ್ಕೇ ಮಾರಾಯ್ತಿ."

ಯಾವ ನಮ್ಮವರು, ವಾಗ್ದೇವಿ? ನಮ್ಮವರು ಮೂರನೇ ಸಾಲಿನಲ್ಲಿ ಹೊಸ ಅಂಗಿ ಹಾಕಿ ಕೂತಿದ್ದರು. ಬಾಯಿ ತಪ್ಪಿತು ಅನ್ನುತ್ತೀ. ಹೆಸರು ತೆಗೆಯುವುದು ಬಾಯಿಯ ಕೆಲಸವಲ್ಲ ಎಂದು ನಿನಗೂ ಗೊತ್ತು, ನನಗೂ ಗೊತ್ತು. ಕ್ಯಾಸೆಟ್ ಹಾಕಿ ಅಷ್ಟೂ ಹೊತ್ತು ಆ ಕಿರುಚಾಟ ಕೇಳುತ್ತ ಕಾಯಬೇಕು. ಹೆಸರಿನ ಆ ಸಾಲನ್ನು ತಿದ್ದಲು ಪರದೆಯ ಕೆಳಗೆ ಇಳಿಸಿಕೊಳ್ಳಬೇಕು. ನನ್ನ ಹೆಸರಿನ ಏಳು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಅಳಿಸಬೇಕು. ಮತ್ತೆ ಟೇಪು ಹಿಂದಕ್ಕೆ ಸುತ್ತಿ, ರೆಕಾರ್ಡ್ ಒತ್ತಿ, ಮತ್ತೆ ಅಷ್ಟೇ ಹೊತ್ತು ಕಾಯಬೇಕು. ಅಷ್ಟರಲ್ಲಿ ಎಲ್ಲಿ ಬೇಕಾದರೂ ನಿಲ್ಲಿಸಬಹುದಿತ್ತು. ನೀನು ನಿಲ್ಲಿಸಲಿಲ್ಲ. ಇದನ್ನು ನಾನು ಈ ನಾಲ್ಕು ವರ್ಷದಲ್ಲಿ ಎಷ್ಟು ಸಲ ಮನಸ್ಸಿನಲ್ಲಿ ನೋಡಿದ್ದೇನೋ, ನೀನು ಒಂದೊಂದು ಗುಂಡಿ ಒತ್ತುವುದನ್ನು.

ನಂತರದ್ದು ನಿನಗೆ ಗೊತ್ತಿರುವುದೇ. ನಿನ್ನ ಫೋಟೋ ಪೇಪರಿನಲ್ಲಿ ಬಂತು. ಈಗ ಮೂಡುಬಿದಿರೆಯಲ್ಲಿ ಕಂಪ್ಯೂಟರ್ ಕಲಿಸುತ್ತೀಯಂತೆ, ನೀನು ಬರೆದ ಕಾಗದದ ಮೇಲೆಯೇ ಅಚ್ಚಾಗಿದೆ. ನನ್ನ ಕಂಪ್ಯೂಟರನ್ನು ಬಾಪ ಫರಂಗಿಪೇಟೆಯಲ್ಲಿದ್ದ ನಮ್ಮ ಸಂಬಂಧದ ಇಬ್ರಾಹಿಂ ಖಲೀಲನಿಗೆ ಕೊಟ್ಟರು. ಆಡಿ ಆಡಿ ಆ ಮಳೆಗಾಲ ಮುಗಿಯುವುದರೊಳಗೆ ಹಾಳು ಮಾಡಿದ. ಪಿಯುಸಿಯಲ್ಲಿ ಲೆಕ್ಕಕ್ಕೆ ತೊಂಬತ್ತೆಂಟು ಬಂದರೂ ಡಿಗ್ರಿಗೆ ಕಳಿಸಿ ಎಂದು ಬಾಪನನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ. ಸುಳ್ಳಿ ಎನಿಸಿಕೊಂಡವಳು ಯಾವ ಮುಖದಲ್ಲಿ ಕೇಳುವುದು? ಮರುವರ್ಷ ಬೆಳ್ತಂಗಡಿಯ ಅಬ್ದುಲ್ ಸಲಾಂರ ಜೊತೆ ಮದುವೆಯಾಯಿತು. ಒಳ್ಳೆಯವರು. ಅವರ ಮೇಲೆ ನನ್ನ ದೂರಿಲ್ಲ.

ಮದುವೆಯಾದ ಮೇಲೆ ಒಮ್ಮೆ ಧೈರ್ಯ ಮಾಡಿ ಬಾಪನಿಗೆ ಎಂಟು ಪುಟದ ಕಾಗದ ಬರೆದೆ. ಬಸ್ಸು, ತಿರುವು, ಮಂಜು, ನೀನು ಮಾಡಿದ್ದು, ಎಲ್ಲ ಬಿಡಿಸಿ ಬರೆದೆ. ತಿಂಗಳ ಮೇಲೆ ಉತ್ತರ ಬಂತು. ಕೊನೆಯಲ್ಲಿ ಒಂದು ಸಾಲು: 'ಆ ಹಳೇ ವಿಷಯ ಇನ್ನು ಎತ್ತಬೇಡ ಮಗಳೇ, ನಾನು ಯಾವಾಗಲೋ ಕ್ಷಮಿಸಿದ್ದೇನೆ.'

ಕ್ಷಮಿಸಿದ್ದರು. ಮಾಡದ ತಪ್ಪನ್ನು ಕ್ಷಮಿಸಿ, ಅದೇ ನಂಬಿಕೆಯಲ್ಲಿ ಈ ಜುಲೈಯಲ್ಲಿ ದುಬೈಯ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದರು. ಅಲ್ಲಿಯೇ ಮಣ್ಣು ಮಾಡಿದರು. ನಾನು ಮುಖ ನೋಡಲಿಲ್ಲ. ಇನ್ನು ನಾನು ಯಾರಿಗೆ ಬರೆಯಲಿ?

ನೀನು ನನ್ನ ಹೆಸರು ಅಳಿಸಿದ್ದನ್ನು ನಾನು ಎಂದಾದರೂ ಮರೆತರೂ ಮರೆತೇನು. ಬಹುಮಾನ ನಿನಗೇ ಇರಲಿ, ಫೋಟೋ ಇರಲಿ, ಕೆಲಸವೂ ಇರಲಿ. ಒಬ್ಬ ತಂದೆಯ ಕಣ್ಣಿನಲ್ಲಿ ಮಗಳನ್ನು ಸುಳ್ಳಿ ಮಾಡಿದೆಯಲ್ಲ, ಅದಕ್ಕೆ ನನ್ನಲ್ಲಿ ಕ್ಷಮೆ ಇಲ್ಲ. ಹುಡುಕಿ ನೋಡಿದೆ, ಇಲ್ಲ.

ಒಂದೇ ಒಂದು ಕೆಲಸ ಮಾಡು. ಉಮ್ಮ ಬಂಟ್ವಾಳದ ಮನೆಯಲ್ಲಿ, ಗಂಡ ತೀರಿಹೋದವರು ಕೂರುವ ಇದ್ದತ್ತಿನಲ್ಲಿದ್ದಾಳೆ, ನವೆಂಬರಿನವರೆಗೆ ಹೊರಗೆ ಬರುವ ಹಾಗಿಲ್ಲ. ಹೆಂಗಸರು ಒಳಗೆ ಹೋಗಿ ಮಾತಾಡಬಹುದು. ಮೂಡುಬಿದಿರೆಯಿಂದ ಬಸ್ಸು ಉಂಟು. ಹೋಗಿ ಅವಳ ಎದುರು ಕೂತು, ಇಂಗ್ಲಿಷ್ ಬೇಡ, ತುಳುವಿನಲ್ಲಿ ಹೇಳು: ಆಟ ಬರೆದವಳು ನಿಮ್ಮ ಮಗಳು, ಸುಳ್ಳು ಹೇಳಿದವಳು ನಾನು. ಅಷ್ಟು ಹೇಳಿ ಎದ್ದು ಬಾ. ನನ್ನ ಹತ್ತಿರ ಬರಬೇಡ, ನನಗೆ ಬರೆಯಲೂ ಬೇಡ. ಉಪಕಾರ ಮರೆಯುವವಳಲ್ಲ ಎಂದಿದ್ದೀಯಲ್ಲ, ಹಾಗಾದರೆ ಇಷ್ಟು ಮಾಡು.

ನಿನಗೆ ಕೆಟ್ಟದಾಗಲಿ ಎಂದು ಕೇಳಲು ಪ್ರಾರ್ಥನೆಗೆ ಕೂತಾಗಲೂ ನನಗೆ ಬಾಯಿ ಬರಲಿಲ್ಲ. ಮುಂದೆ ನಿನಗೊಬ್ಬ ಮಗಳು ಹುಟ್ಟಲಿ. ಅವಳು ಏನನ್ನೋ ಮಾಡಿ, ಓಡಿ ಬಂದು, "ಇದು ನಾನೇ ಮಾಡಿದ್ದು" ಎಂದಾಗ, ಬೇರೇನೂ ಕೇಳದೆ ನೀನು ಅವಳನ್ನು ನಂಬುವ ಹಾಗಾಗಲಿ.

ಇನ್ನು ನಿನಗೆ ಬರೆಯದ,
ನಸೀಬಾ